1453ರಲ್ಲಿ ಮೆಣಸಿನ ದಾರಿ ಮುಚ್ಚಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಸ್ಪರ್ಧಾತ್ಮಕ ಪರೀಕ್ಷೆಗಳ ಪುಟದಲ್ಲಿ ಬಂದ ಪ್ರಶ್ನೋತ್ತರವೊಂದರಲ್ಲಿ, 1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು (ಇಂದಿನ ಇಸ್ತಾಂಬುಲ್) ವಶಪಡಿಸಿಕೊಂಡು ಭಾರತದ ವ್ಯಾಪಾರ ಮಾರ್ಗವನ್ನು ಮುಚ್ಚಿದರು, ಆದ್ದರಿಂದಲೇ ಯುರೋಪಿಯನ್ನರು ಹೊಸ ಜಲಮಾರ್ಗ ಹುಡುಕಿದರು ಎಂದಿದೆ. ಇದೇ ಮಾತನ್ನು ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿಕೊಟ್ಟಿದ್ದೇನೆ. ತಪ್ಪೆಂದು ತಿಳಿದ ಮೇಲೂ ಸುಮ್ಮನಿರುವುದು ಸರಿಯಲ್ಲವೆಂದು ಈ ಪತ್ರ.

ಮಲಬಾರಿನ ಮತ್ತು ನಮ್ಮ ಕರಾವಳಿಯ ಕಾಳುಮೆಣಸು ಯುರೋಪಿಗೆ ಹೋಗುತ್ತಿದ್ದ ಮುಖ್ಯ ದಾರಿ ಆ ನಗರವನ್ನು ಮುಟ್ಟುತ್ತಲೇ ಇರಲಿಲ್ಲ. ಸರಕು ಕೆಂಪು ಸಮುದ್ರ ಹಾದು ಈಜಿಪ್ಟಿನ ಕೈರೊ, ಅಲ್ಲಿಂದ ಅಲೆಕ್ಸಾಂಡ್ರಿಯ ಸೇರುತ್ತಿತ್ತು. ಇಟಲಿಯ ವೆನಿಸ್ ನಗರದ ವರ್ತಕರು ಅಲ್ಲೇ ಅದನ್ನು ಕೊಳ್ಳುತ್ತಿದ್ದರು. ಈಜಿಪ್ಟ್ ಆಗ ಮಾಮ್ಲೂಕ್ ಸುಲ್ತಾನರ ಕೈಯಲ್ಲಿತ್ತು. ಆಟೋಮನ್ನರು ಅದನ್ನು ಗೆದ್ದದ್ದು 1517ರಲ್ಲಿ, ಅಂದರೆ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷ ಕಳೆದ ಮೇಲೆ.

ಕಾನ್‌ಸ್ಟಾಂಟಿನೋಪಲ್‌ಗಾಗಿ ನಡೆದ ಹೋರಾಟದಲ್ಲಿ ಕಪ್ಪು ಸಮುದ್ರದಿಂದ ಬರುವ ಬಾಸ್ಫರಸ್ ಜಲಸಂಧಿಯ ಹಿಡಿತವೇ ದೊಡ್ಡ ವಿಷಯವಾಗಿತ್ತು. 1452ರಲ್ಲಿ ಆಟೋಮನ್ ಸುಲ್ತಾನ ಎರಡನೆಯ ಮೆಹ್ಮದ್ ಬಾಸ್ಫರಸ್‌ನ ಅತಿ ಕಿರಿದಾದ ಜಾಗದಲ್ಲಿ ರುಮೇಲಿ ಹಿಸಾರ್ ಕೋಟೆಯನ್ನು ಕೆಲವೇ ತಿಂಗಳಲ್ಲಿ ಕಟ್ಟಿಸಿ, ಹಾದುಹೋಗುವ ಹಡಗುಗಳೆಲ್ಲ ಅಲ್ಲಿ ನಿಲ್ಲಬೇಕೆಂದು ಆಜ್ಞೆ ಮಾಡಿದ. ಆ ನವೆಂಬರಿನಲ್ಲಿ ಕಪ್ಪು ಸಮುದ್ರದಿಂದ ಧಾನ್ಯ ಹೊತ್ತು ಬಂದ ವೆನಿಸ್ಸಿನ ಹಡಗೊಂದು ನಿಲ್ಲದೆ ಸಾಗಿತು. ಕೋಟೆಯ ಫಿರಂಗಿಯ ಒಂದೇ ಕಲ್ಲುಗುಂಡಿಗೆ ಅದು ಮುಳುಗಿತು. ಈಜಿ ದಡ ಸೇರಿದ ನಾವಿಕರ ತಲೆ ಕಡಿಸಿ, ನಾಯಕ ಆಂಟೋನಿಯೊ ರಿಟ್ಸೊನನ್ನು ಶೂಲಕ್ಕೇರಿಸಲಾಯಿತು.

ಇಷ್ಟು ಕಠೋರನಾದ ಸುಲ್ತಾನನೂ ವ್ಯಾಪಾರವನ್ನು ನಿಲ್ಲಿಸಲಿಲ್ಲ. 1453ರ ಮೇ 29ರಂದು ನಗರ ಬಿದ್ದಿತು. ಮೂರೇ ದಿನಗಳಲ್ಲಿ, ಕೊಲ್ಲಿಯ ಆಚೆ ದಡದ ಗಲಾಟಾದಲ್ಲಿದ್ದ ಇಟಲಿಯ ಜಿನೋವಾ ನಗರದ ವರ್ತಕರಿಗೆ ಆಸ್ತಿಪಾಸ್ತಿ ಉಳಿಸಿಕೊಂಡು ವ್ಯಾಪಾರ ನಡೆಸುವ ಹಕ್ಕುಪತ್ರ ದೊರೆಯಿತು. ನಗರದ ಗೋಡೆ ಕಾಯುತ್ತ ತನ್ನವರನ್ನು ಕಳೆದುಕೊಂಡಿದ್ದ ವೆನಿಸ್ ಕೂಡ 1454ರ ಏಪ್ರಿಲಿನಲ್ಲಿ ಅವನೊಡನೆ ಒಪ್ಪಂದ ಮಾಡಿಕೊಂಡು ಶೇ 2ರ ಸುಂಕಕ್ಕೆ ಅದೇ ನಗರದಲ್ಲಿ ಮತ್ತೆ ವ್ಯಾಪಾರಕ್ಕೆ ಕುಳಿತಿತು. ಸುಂಕದಿಂದ ಬೊಕ್ಕಸ ತುಂಬಿಸಬೇಕಾದ ದೊರೆ ಪೇಟೆಗೆ ಬೀಗ ಹಾಕುವುದಾದರೂ ಏಕೆ?

ಪೋರ್ಚುಗೀಸರ ಯಾನಗಳೂ 1453ಕ್ಕೆ ಕಾದು ಕುಳಿತಿರಲಿಲ್ಲ. ಅವರು ಉತ್ತರ ಆಫ್ರಿಕದ ಸಿಯುಟಾ ಬಂದರನ್ನು ಹಿಡಿದದ್ದು 1415ರಲ್ಲಿ, ಆಫ್ರಿಕದ ಬೊಜಾದೋರ್ ಭೂಶಿರ ದಾಟಿದ್ದು 1434ರಲ್ಲಿ. ಅವರನ್ನು ಮೊದಲು ಸೆಳೆದದ್ದು ಆಫ್ರಿಕದ ಚಿನ್ನ. ಈಜಿಪ್ಟ್ ಮತ್ತು ವೆನಿಸ್ಸಿನ ಪಾಲು ತಪ್ಪಿಸಿ ಮೆಣಸನ್ನು ನೇರವಾಗಿ ಕೊಳ್ಳುವ ಆಸೆ ಬಲಿತದ್ದು ಆಮೇಲೆ.

ಸುಮಾರು 7,000 ಜನ 53 ದಿನ ಕಾದು ಉಳಿಸಿಕೊಳ್ಳಲಾಗದೆ ಹೋದ ನಗರದ ಕಥೆಯನ್ನು ಮೆಣಸಿನ ಒಂದು ಸಾಲಿಗೆ ಇಳಿಸಿರುವುದು ನನಗೆ ನಿಜಕ್ಕೂ ನೋವು ತಂದಿದೆ. ಪರೀಕ್ಷೆಗೆ ಕೂರುವವರು ಆ ಉತ್ತರವನ್ನೇ ಬಾಯಿಪಾಠ ಮಾಡುವ ಮೊದಲು ತಿದ್ದುಪಡಿಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಶಿರಸಿ