ಹರಾಜು ಕೂಗಲು ಬಾರದವರನ್ನು ಕಳಿಸಿದ್ದಕ್ಕೆ ದೂರು

ಇವರಿಂದ:
ಮನೆಯವರೆಲ್ಲರ ಪರವಾಗಿ ಹಿರಿಯ ಮಗಳು,
ಸುಂಟಿಕೊಪ್ಪದ ಹತ್ತಿರ, ಕೊಡಗು

ಇವರಿಗೆ:
ವ್ಯವಸ್ಥಾಪಕರು,
ಹರಾಜು ವಿಭಾಗ, ಮೈಸೂರು ಕಚೇರಿ

ವಿಷಯ: ಜುಲೈ ತಿಂಗಳಲ್ಲಿ ನಮ್ಮ ಬಂಗಲೆಯ ಸಾಮಾನುಗಳ ಹರಾಜು ಕೆಟ್ಟದ್ದರ ಬಗ್ಗೆ, ಕಮಿಷನ್ ವಾಪಸ್ ಕೇಳಿ.

ಮಾನ್ಯರೇ,

ನಿಮ್ಮ ಲೆಕ್ಕದ ಕಾಗದ ಕಳೆದ ವಾರ ಬಂತು. 143 ಲಾಟು, ಅಂದರೆ 143 ಸಲ ಕೂಗಿದ ಸಾಮಾನು, ಒಟ್ಟು ಮಾರಾಟ 2,86,400 ರೂಪಾಯಿ. ಅದರಲ್ಲಿ ನೂರಕ್ಕೆ 15ರಂತೆ 42,960 ರೂಪಾಯಿ ಕಮಿಷನ್ ಮುರಿದುಕೊಂಡು ಉಳಿದದ್ದಕ್ಕೆ ಚೆಕ್ ಇಟ್ಟಿದ್ದೀರಿ. ಕೊನೆಯಲ್ಲಿ ಒಂದು ಸಾಲು: "ಮಳೆ ಮತ್ತು ಮಂದ ಮಾರುಕಟ್ಟೆಯ ಕಾರಣ ನಿರೀಕ್ಷಿಸಿದ ಬೆಲೆ ಬಂದಿಲ್ಲ." ಆ ಒಂದು ಸಾಲು ಇಲ್ಲದಿದ್ದರೆ ನಾನು ಬಹುಶಃ ಸುಮ್ನೆ ಇರುತ್ತಿದ್ದೆ. ಮಳೆಯ ಮೇಲೆ ಹಾಕಿದಿರಲ್ಲ, ಅದಕ್ಕೇ ಈ ಪತ್ರ.

ಮೊದಲು ಮಳೆಯ ಮಾತನ್ನೇ ಮುಗಿಸಿಬಿಡೋಣ. ಕೊಡಗಿನಲ್ಲಿ ಜುಲೈನಲ್ಲಿ ಮಳೆ ಬರುತ್ತದೆ ಅನ್ನುವುದು ಯಾರಿಗೂ ಹೊಸ ಸುದ್ದಿ ಅಲ್ಲ. ನಾವು ಕೇಳಿದ್ದು ಮಾರ್ಚ್. ಕಾಫಿ ಕೊಯ್ಲು ಮುಗಿದಿರುತ್ತದೆ, ಮೆಣಸೂ ಒಣಗುತ್ತಿರುತ್ತದೆ, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. "ನಮ್ಮ ಹಿರಿಯ ಹರಾಜುಗಾರರಿಗೆ ಪುರುಸೊತ್ತಿಲ್ಲ, ಜುಲೈಗೆ ಇಟ್ಟುಕೊಳ್ಳಿ" ಅಂದವರು ನೀವು. ತೋಟ ಕೊಂಡವರಿಗೆ ಆಗಸ್ಟ್‌ನಲ್ಲಿ ಬಂಗಲೆ ಬಿಟ್ಟುಕೊಡಬೇಕಿತ್ತು, ಅದಕ್ಕೇ ಒಪ್ಪಿದೆವು. ಆದರೂ ಆ ದಿನ ನಂಬರ್ ಚೀಟಿ ತೆಗೆದುಕೊಂಡವರು 86 ಜನ. ವರಾಂಡದಲ್ಲಿ ಒದ್ದೆ ಕೊಡೆಗಳ ನಡುವೆ ಕಾಲಿಡಲು ಜಾಗ ಇರಲಿಲ್ಲ. ಮಡಿಕೇರಿಯ ಹೋಂಸ್ಟೇಯವರು, ನಾಪೋಕ್ಲು, ಪೊನ್ನಂಪೇಟೆ ಕಡೆಯ ಬೆಳೆಗಾರರು, ಮೈಸೂರು ಮತ್ತು ಕೇರಳದ ಹಳೇ ಸಾಮಾನಿನ ವ್ಯಾಪಾರಿಗಳು, ಎಲ್ಲರೂ ಬಂದಿದ್ದರು. ಮಳೆ ಯಾರನ್ನೂ ತಡೆಯಲಿಲ್ಲ. ಬಂದವರನ್ನು ಉಳಿಸಿಕೊಳ್ಳಲು ನಿಮ್ಮವರಿಂದ ಆಗಲಿಲ್ಲ.

ಮೇ ತಿಂಗಳಲ್ಲಿ ನಿಮ್ಮ ಹಿರಿಯರು ಬಂಗಲೆ ನೋಡಲು ಬಂದಿದ್ದರು. ಅವರ ಬಗ್ಗೆ ನನ್ನದು ಒಂದು ದೂರೂ ಇಲ್ಲ. ಬೆಳಗ್ಗಿನಿಂದ ಸಂಜೆಯ ತನಕ ಕೂತು ಒಂದೊಂದು ಸಾಮಾನನ್ನೂ ಮುಟ್ಟಿ ನೋಡಿದರು. ಅಪ್ಪನ ಬೀಟೆ ಮರದ ಬರೆಯುವ ಮೇಜಿನ ಹತ್ತಿರ ಮಂಡಿಯೂರಿ ಕೂತು, ಒಳಗೆ ಕೈ ಹಾಕಿ, ಎಡಗಡೆಯ ಒಂದು ಪಟ್ಟಿಯನ್ನು ಮೆಲ್ಲಗೆ ಒತ್ತಿದರು. ಟಕ್ ಅಂತ ಒಂದು ಸಣ್ಣ ಡ್ರಾಯರ್ ಹೊರಗೆ ಬಂತು. ನಾನು, ತಂಗಿ, ತಮ್ಮ ಮೂವರೂ ಆ ಮೇಜಿನ ಕೆಳಗೆ ಆಡಿ ಬೆಳೆದವರು. ಅಲ್ಲೊಂದು ಡ್ರಾಯರ್ ಇದೆ ಅಂತ ನಮಗೇ ಗೊತ್ತಿರಲಿಲ್ಲ! ಒಳಗಿದ್ದದ್ದು ಪೂಲ್ ಕಾಲದ ರಸೀದಿಗಳು. ಆಗ ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಬೋರ್ಡು ಅದನ್ನು ಹರಾಜು ಹಾಕಿ ದುಡ್ಡನ್ನು ಕಂತಿನಲ್ಲಿ ಕೊಡುತ್ತಿತ್ತು. 1990ರ ದಶಕದಲ್ಲಿ ಮಾರಾಟ ಮುಕ್ತವಾಗುವ ತನಕ ಅಪ್ಪ ಆ ಕಂತುಗಳಿಗೇ ಕಾದವರು. ತನ್ನ ಮಾಲಿಗೆ ಬೇರೆಯವರು ಬೆಲೆ ಕೂಗುವುದು ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ನಾನು ಕನಿಷ್ಠ ಬೆಲೆಯ ಮಾತೆತ್ತಿದೆ. ಮೇಜಿಗೆ ಇಷ್ಟು, ಗಡಿಯಾರಕ್ಕೆ ಇಷ್ಟು, ಅದಕ್ಕಿಂತ ಕೆಳಗೆ ಕೊಡಬಾರದು ಅಂತ ಬರೆದಿಟ್ಟುಕೊಳ್ಳೋಣ ಅಂದೆ. "ಮೇಡಂ, ಕನಿಷ್ಠ ಬೆಲೆ ಹಾಕಿದರೆ ಜನ ಹಿಂದೆ ಸರಿಯುತ್ತಾರೆ. ನಾನೇ ಕೂಗುತ್ತೇನಲ್ಲ, ಬೇಡ" ಅಂದರು. ಮನುಷ್ಯನನ್ನು ನೋಡಿ ನಂಬಿದೆ. ಆದರೆ ಹರಾಜಿನ ದಿನ ಜೀಪಿನಿಂದ ಇಳಿದದ್ದು ಬೇರೊಬ್ಬ ಹುಡುಗ. ಕೇಳಿದರೆ, ಹಿರಿಯರಿಗೆ ಬೇರೆ ಕಡೆ ಕೆಲಸ ಬಂತು, ತನಗೆ ಬ್ಯಾಂಕಿನವರು ಜಪ್ತಿ ಮಾಡಿದ ಗಾಡಿಗಳ ಹರಾಜು ಮಾಡಿಸಿ ಅಭ್ಯಾಸ ಇದೆ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಳಿಸಿದ ನಿಮ್ಮ ಮೇಲಿದೆ.

ಬಂದ ಕೂಡಲೇ ನಿಮ್ಮ ಕೆಲಸದವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ವರಾಂಡದ ಗೋಡೆಯಲ್ಲಿದ್ದ ಕಾಟಿಯ (ಕಾಡುಕೋಣದ) ಕೊಂಬನ್ನು ಇಳಿಸಿ ಅದಕ್ಕೂ ಒಂದು ಲಾಟ್ ನಂಬರ್ ಅಂಟಿಸಿದ್ದು. ನಾನೇ ಓಡಿಹೋಗಿ ಕಿತ್ತು ಹಾಕಿದೆ. ಕಾಡುಪ್ರಾಣಿಯ ಕೊಂಬು, ಚರ್ಮ ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜನ ಕಾಲದ್ದಾದರೂ ಅಷ್ಟೇ, ಇಟ್ಟುಕೊಳ್ಳಲು ಸರ್ಟಿಫಿಕೇಟ್ ಇದ್ದರೂ ಅಷ್ಟೇ. ಇದನ್ನು ಹರಾಜು ಕಂಪನಿಗೆ ನಾನು ಹೇಳಿಕೊಡಬೇಕಾ? ಪುಣ್ಯಕ್ಕೆ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಮೊದಲೇ ತಮ್ಮನ ಮನೆ ಸೇರಿದ್ದವು. ಇಲ್ಲದಿದ್ದರೆ ಅವಕ್ಕೂ ನಂಬರ್ ಬೀಳುತ್ತಿತ್ತೋ ಏನೋ.

ಹತ್ತು ಗಂಟೆಗೆ ಹರಾಜು ಅಂದಿದ್ದಿರಿ, ಹತ್ತಕ್ಕೇ ಶುರುವಾಯಿತು. ಅಷ್ಟು ಹೊತ್ತಿಗೆ ಅರ್ಧ ಜನ ಇನ್ನೂ ಗೇಟಿನ ಹತ್ತಿರ ನಂಬರ್ ಚೀಟಿಗೆ ಸಾಲಿನಲ್ಲಿದ್ದರು. ಹಾಗಿರುವಾಗ ಮೊದಲ ಲಾಟು ಯಾವುದು? ಬೀಟೆ ಮೇಜು! ಇಡೀ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಊರ ದೇವಸ್ಥಾನದ ಹರಾಜಿನಲ್ಲೂ ಮೊದಲು ತೆಂಗಿನಕಾಯಿ, ನಿಂಬೆಹಣ್ಣು ಕೂಗುತ್ತಾರೆ. ಜನ ಕೂತು, ಮೈ ಬಿಸಿಯಾಗಿ, ಕೈ ಎತ್ತುವ ಸಂಕೋಚ ಹೋದ ಮೇಲೆ ದೊಡ್ಡದನ್ನು ತೆಗೆಯುತ್ತಾರೆ.

ಅವನು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಹಳೇ ಮರದ ಟೇಬಲ್. ಐವತ್ತು ಸಾವಿರ ಯಾರಾದ್ರೂ? ಮೂವತ್ತು? ಇಪ್ಪತ್ತು? ಹೋಗ್ಲಿ, ಹತ್ತು?" ಬೀಟೆ ಅನ್ನುವ ಶಬ್ದವೇ ಬಾಯಿಂದ ಬರಲಿಲ್ಲ. ಡ್ರಾಯರ್ ಎಳೆದು ತೋರಿಸಲಿಲ್ಲ. ಆ ಗುಟ್ಟಿನ ಡ್ರಾಯರ್ ಒಂದನ್ನು ಜನರ ಮುಂದೆ ಟಕ್ ಅನ್ನಿಸಿದ್ದರೆ ಸಾಕಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಆ "ಹೋಗ್ಲಿ". ಮಾರುವವನೇ ಹೋಗ್ಲಿ ಅಂದ ಮೇಲೆ ಕೊಳ್ಳುವವನು ಯಾಕೆ ಬೆಲೆ ಕೊಡುತ್ತಾನೆ? 11,000ಕ್ಕೆ ಸುತ್ತಿಗೆ ಬಿತ್ತು. ಬೀಳುವಾಗ ಬಾಗಿಲ ಹತ್ತಿರ ಪೊನ್ನಂಪೇಟೆಯಿಂದ ಬಂದ ಒಬ್ಬ ಹೆಂಗಸು ಕೈ ಎತ್ತಿಕೊಂಡೇ ಇದ್ದರು. ನಾನು ಕಣ್ಣಾರೆ ನೋಡಿದ್ದೇನೆ. ಅವನು ನೋಡುತ್ತಿದ್ದದ್ದು ಮುಂದಿನ ಎರಡು ಸಾಲು ಮಾತ್ರ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಸುತ್ತಿಗೆ ಬಿದ್ದರೆ ಮಾರಾಟ ಮುಗಿಯಿತು. ಬೀಳುವ ತನಕ ಬಿಡ್ ಹಾಕಿದವನು ಹಿಂದೆ ತೆಗೆದುಕೊಳ್ಳಬಹುದು, ಬಿದ್ದ ಮೇಲೆ ಯಾರಿಗೂ ದಾರಿಯಿಲ್ಲ. ಹಾಗಾಗಿ ಆ ಸುತ್ತಿಗೆ ಯಾರ ಕೈಯಲ್ಲಿರುತ್ತದೆ ಅನ್ನುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಮೇಜು ಕೊಂಡವರ ಕಥೆಯೂ ಹೇಳಬೇಕು. ಕಿಟಕಿ ಪಕ್ಕ ನಾಲ್ವರು ವ್ಯಾಪಾರಿಗಳು ಒಟ್ಟಿಗೆ ಕೂತಿದ್ದರು. ಒಂದೊಂದು ಲಾಟಿಗೆ ಒಬ್ಬನೇ ಕೈ ಎತ್ತುತ್ತಿದ್ದ, ಉಳಿದ ಮೂವರು ಮೊಬೈಲ್ ನೋಡುತ್ತಿದ್ದರು. ಸಂಜೆ ಪೋರ್ಟಿಕೋ ಕೆಳಗೆ ನಿಂತು ಅದೇ ಸಾಮಾನುಗಳನ್ನು ತಮ್ಮತಮ್ಮಲ್ಲೇ ಇನ್ನೊಂದು ಸಲ ಹರಾಜು ಹಾಕಿಕೊಂಡರು. ನಮ್ಮ ಮನೆಯ ಮೆಟ್ಟಿಲ ಮೇಲೇ! ಆ ಎರಡನೇ ಹರಾಜಿನಲ್ಲಿ ಮೇಜು 46,000ಕ್ಕೆ ಹೋಯಿತು. ನಮ್ಮ ಡ್ರೈವರ್ ಕಾರಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಾನೆ. ಇಂಥ ಒಳಒಪ್ಪಂದ ಹರಾಜಿನ ಕೆಲಸದಲ್ಲಿ ಹೊಸದೇನಲ್ಲ. ಕೂಗುವವರಿಗೆ ಅದು ಕಣ್ಣಿಗೆ ಬೀಳಬೇಕು. ಆಗ ಅವರು ಆ ಮೂಲೆ ಬಿಟ್ಟು ಹೋಂಸ್ಟೇಯವರ ಕಡೆ, ಹಿಂದಿನ ಸಾಲಿನ ಕಡೆ ತಿರುಗಿ ಬಿಡ್ ಎಬ್ಬಿಸುತ್ತಾರೆ. ನಿಮ್ಮ ಹುಡುಗ ಆ ನಾಲ್ವರ ಕಡೆಯೇ ಮುಖ ಮಾಡಿ ನಿಂತಿದ್ದ. ಪಾಪ, ನಗುತ್ತಿದ್ದವರು ಅವರೇ ತಾನೇ.

ಗಡಿಯಾರದ್ದು ನೆನೆದರೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಅಮೆರಿಕದ ಆನ್ಸೋನಿಯಾ ಕಂಪನಿಯ ಲೋಲಕದ ಗಡಿಯಾರ. ಕೀಲಿ ಅದರ ಬಾಗಿಲ ಒಳಗೇ ಮೊಳೆಗೆ ತೂಗುಹಾಕಿತ್ತು. "ನಡೆಯುತ್ತೋ ಇಲ್ಲವೋ ಗೊತ್ತಿಲ್ಲ" ಅಂತ ಮೈಕಿನಲ್ಲಿ ಹೇಳಿ 1,800ಕ್ಕೆ ಕೊಟ್ಟುಬಿಟ್ಟ. ಕೊಂಡವರು ಅಲ್ಲೇ ಕೀಲಿ ತೆಗೆದು ತಿರುಗಿಸಿ, ಲೋಲಕ ತಟ್ಟಿ, ಮುಳ್ಳನ್ನು ಸರಿಯಾದ ಟೈಮಿಗೆ ಇಟ್ಟರು. ಅವನು ಮುಂದಿನ ಲಾಟು, ಪ್ಲಾಸ್ಟಿಕ್ ಕುರ್ಚಿಗಳನ್ನು ಕೂಗುತ್ತಿರುವಾಗ ಅದು ಹನ್ನೆರಡು ಹೊಡೆಯಿತು. ಇಡೀ ಹಾಲ್ ತಿರುಗಿ ನೋಡಿತು.

ಇನ್ನು 96ನೇ ಲಾಟು. ನಿಮ್ಮ ಪಟ್ಟಿಯಲ್ಲಿ "ಹಳೇ ಕಬ್ಬಿಣ, ಎಲ್ಲ ಸೇರಿ" ಅಂತಿದೆ. ಮುರಿದ ಮಂಚ, ನೀರಿನ ಪೈಪು, ತಕ್ಕಡಿ, ಅದರ ಜೊತೆ ನಮ್ಮ ಕೈ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅದರ ಮೈಮೇಲೆ ವಿಲಿಯಂ ಮೆಕಿನ್ನನ್, ಅಬರ್ಡೀನ್ ಅಂತ ಉಬ್ಬಕ್ಷರ ಎರಕ ಹೊಯ್ದಿದೆ. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದ ಯಂತ್ರ ಅದು. ನಿಮ್ಮ ಹಿರಿಯರು ಮೇನಲ್ಲಿ ತುಕ್ಕು ಉಜ್ಜಿ ಆ ಅಕ್ಷರಗಳ ಫೋಟೋ ತೆಗೆದುಕೊಂಡು, "ಇದೊಂದನ್ನೇ ಪ್ರತ್ಯೇಕ ಕೂಗಬೇಕು" ಅಂದಿದ್ದರು. ಆ ಫೋಟೋ ನಿಮ್ಮ ಆಫೀಸಿನಲ್ಲೇ ಇರಬೇಕು, ಹುಡುಕಿ. ಎಲ್ಲ ಸೇರಿ 4,200ಕ್ಕೆ ಗುಜರಿಯವರು ಹೊತ್ತುಕೊಂಡು ಹೋದರು.

ಇಷ್ಟಕ್ಕೇ ಆಗಿದ್ದರೆ, ನಮ್ಮ ಸಾಮಾನಿಗೆ ಬೆಲೆಯೇ ಇಷ್ಟು ಅಂತ ನೀವು ವಾದ ಮಾಡಬಹುದಿತ್ತು. ಆದರೆ ಮಧ್ಯಾಹ್ನ ಒಂದು ಘಟನೆ ನಡೆಯಿತು. ಎರಡು ಗಂಟೆಗೆ ಹುಡುಗನ ಗಂಟಲು ಕಟ್ಟಿತು. ಊಟಕ್ಕೆ ಹೋಗುತ್ತೇನೆ ಅಂದ. ಜನ ಕೊಡೆ ಹುಡುಕಲು ಶುರು ಮಾಡಿದರು. ನಮ್ಮ ತೋಟದ ಲೆಕ್ಕ ಬರೆಯುತ್ತಿದ್ದ ಹಳೇ ರೈಟರು ಅಲ್ಲೇ ಇದ್ದರು. ಗಣೇಶೋತ್ಸವದಲ್ಲಿ ಬಾಳೆಗೊನೆ, ಲಾಡು ಹರಾಜು ಕೂಗಿ ಅಭ್ಯಾಸ ಇರುವವರು. "ನೀವು ಸ್ವಲ್ಪ ಹೊತ್ತು ನೋಡಿಕೊಳ್ಳಿ ರೈಟರೇ" ಅಂದೆ. ನಿಮ್ಮ ಹುಡುಗನೂ ಆಗಲಿ ಅಂದ. ತಾಮ್ರ, ಹಿತ್ತಾಳೆ ಪಾತ್ರೆಯ 12 ಲಾಟು ಅವರೇ ಕೂಗಿದರು.

ಇಬ್ಬರು ಹುಡುಗರ ಕೈಯಲ್ಲಿ ದೊಡ್ಡ ಹಂಡೆ ಎತ್ತಿಸಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಅದು ಗುಂಯ್ ಅಂತ ಎಷ್ಟೋ ಹೊತ್ತು ಮೊಳಗಿತು. ಮೊಳಗು ನಿಲ್ಲುವ ತನಕ ರೈಟರು ಮಾತೇ ಆಡಲಿಲ್ಲ. ಆಮೇಲೆ "ಐನೂರು" ಅಂದರು. ಬರೀ ಐನೂರು! ಹತ್ತು ಕೈ ಮೇಲೆದ್ದವು. ಅಲ್ಲಿಂದ ಏರಿಸುತ್ತಾ ಹೋದರು. ಮೂರು ಸಾವಿರ ದಾಟಿದ ಮೇಲೆ ಕಿಟಕಿ ಪಕ್ಕದವರನ್ನು ತೋರಿಸಿ, "ಅಕ್ಕಾ, ನೀವು ಬಿಟ್ಟುಕೊಟ್ಟರೆ ಈ ಹಂಡೆ ಇವತ್ತೇ ಗಡಿ ದಾಟುತ್ತದೆ" ಅಂತ ನಾಪೋಕ್ಲಿನವರಿಗೆ ಹೇಳಿದರು. ಎಲ್ಲರೂ ನಕ್ಕರು, ಕೇರಳದವರೂ ನಕ್ಕರು. ಒಂದು ಸಲ ಅಂದರು. ಎರಡು ಸಲ ಅಂದರು. ಮೂರು ಅನ್ನುವ ಮೊದಲು ಜೇಬಿನಿಂದ ಎಲೆಅಡಿಕೆ ಡಬ್ಬಿ ತೆಗೆದು, ಎಲೆಯ ತೊಟ್ಟು ಮುರಿದು, ನಿಧಾನಕ್ಕೆ ಸುಣ್ಣ ಹಚ್ಚಿದರು. ಆ ಸುಣ್ಣ ಹಚ್ಚುವ ಹೊತ್ತಿನಲ್ಲಿ ಇನ್ನೂ ಮೂರು ಬಿಡ್ ಬಂದವು. ಹಂಡೆ 7,500ಕ್ಕೆ ಹೋಯಿತು, ಮಡಿಕೇರಿಯ ಒಂದು ಹೋಂಸ್ಟೇಗೆ. ಆ 12 ಲಾಟಿನಿಂದಲೇ 58,500 ರೂಪಾಯಿ ಬಂದಿದೆ. ನಿಮ್ಮ ಲೆಕ್ಕದಲ್ಲೇ ಇದೆ, ನೋಡಿಕೊಳ್ಳಿ.

ಅದೇ ದಿನ, ಅದೇ ಹಾಲ್, ಅದೇ ಜನ, ಹೊರಗೆ ಅದೇ ಮಳೆ. ನಿಮ್ಮ ಮಂದ ಮಾರುಕಟ್ಟೆ ಆ ಮುಕ್ಕಾಲು ಗಂಟೆ ಎಲ್ಲಿ ಹೋಗಿತ್ತು?

ಅದಕ್ಕಿಂತ ತಮಾಷೆ ಅಂದರೆ ರೈಟರು ಮಾರಿದ್ದಕ್ಕೂ ನೀವು 8,775 ರೂಪಾಯಿ ಕಮಿಷನ್ ಹಿಡಿದಿದ್ದೀರಿ. ಅವರಿಗೆ ಒಂದು ಲೋಟ ಕಾಫಿ ಕೊಟ್ಟದ್ದೂ ನಾವೇ.

ನಾನು ಕೇಳುವುದು ಇಷ್ಟು. ರೈಟರು ಕೂಗಿದ ಲಾಟುಗಳ 8,775 ರೂಪಾಯಿ ಪೂರ್ತಿ ವಾಪಸ್ ಮಾಡಿ. ಉಳಿದ 34,185ರಲ್ಲಿ ಅರ್ಧ, ಅಂದರೆ 17,092 ರೂಪಾಯಿ 50 ಪೈಸೆ, ಅದನ್ನೂ ಕೊಡಿ. ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಕಳಿಸಿದ್ದಕ್ಕೆ ಇದು ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ. ಮೇಜಿನ ನಷ್ಟವನ್ನು ಸದ್ಯಕ್ಕೆ ಕೇಳುತ್ತಿಲ್ಲ. ಅದರ ಜೊತೆ ಆ ದಿನದ ಬಿಡ್ ಪುಸ್ತಕದ ನಕಲು ಬೇಕು. 96ನೇ ಲಾಟು ಕೊಂಡವರಿಗೆ ನೀವೇ ಫೋನ್ ಮಾಡಿ, ಪಲ್ಪರ್ ಇನ್ನೂ ಒಡೆದಿಲ್ಲವಾದರೆ ನಾವು ದುಡ್ಡು ಕೊಟ್ಟು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ತಿಳಿಸಿ. ಇದು ಮಾತ್ರ ತಡ ಮಾಡಬೇಡಿ, ಕಬ್ಬಿಣ ಕರಗಿಸುವವರು ಕಾಯುವುದಿಲ್ಲ.

ಪತ್ರ ಸೇರಿದ 15 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯ ಪ್ರಕಾರ ದೂರು ಕೊಡುವವರು ಇರುವ ಊರಿನಲ್ಲೇ ಕೇಸು ಹಾಕಬಹುದು, ಎರಡು ವರ್ಷದ ತನಕ ಸಮಯವೂ ಇದೆ. ನಾನು ಮೈಸೂರಿಗೆ ಓಡಾಡಬೇಕಾಗಿಲ್ಲ, ನೀವು ಘಟ್ಟ ಹತ್ತಬೇಕು. ಆಗ ಮೇಜಿನ ಲೆಕ್ಕವನ್ನೂ ಸೇರಿಸುತ್ತೇನೆ. ಡ್ರೈವರ್, ರೈಟರು ಇಬ್ಬರೂ ಬಂದು ಹೇಳಲು ಒಪ್ಪಿದ್ದಾರೆ.

ಇಂತಿ,
(ಸಹಿ)

ಲಗತ್ತು: ನಿಮ್ಮ ಲೆಕ್ಕದ ಕಾಗದದ ನಕಲು, ಮೇನಲ್ಲಿ ಮಾಡಿಕೊಂಡ ಕರಾರಿನ ನಕಲು, ಮೇಜು ಮತ್ತು ಗಡಿಯಾರದ ಫೋಟೋಗಳು.

ಮರೆತಿದ್ದೆ: ನಿಮ್ಮ ಹುಡುಗ ಸುತ್ತಿಗೆಯನ್ನು ಬಂಗಲೆಯಲ್ಲೇ ಬಿಟ್ಟು ಹೋಗಿದ್ದಾನೆ. ಬಂಗಲೆ ಖಾಲಿ ಮಾಡಿದ್ದರಿಂದ ಈಗ ಅದು ರೈಟರ ಮನೆಯಲ್ಲಿದೆ. ಯಾರನ್ನಾದರೂ ಕಳಿಸಿ ತೆಗೆದುಕೊಂಡು ಹೋಗಿ.