ಬಾಯಿಪಾಠವಾದ ಬೆಟ್ಟ

ಚಿರಂಜೀವಿ ಸುಮೇಧಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನೇ ಮತ್ತೆ ಬರೆಯುವುದಿಲ್ಲ. ಎರಡನೇ ಪುಟದ ಕೊನೆಯ ಎರಡು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟ ಹತ್ತುವ ದಾರಿಯನ್ನು ಗೈಡ್‌ಬುಕ್ಕಿನಲ್ಲಿ ಓದಿ ಓದಿ ಬಾಯಿಪಾಠವಾಗಿದೆ, ಅಕ್ಟೋಬರ್ ಕೊನೆಯ ರಜೆಗೆ ಪುಸ್ತಕವನ್ನು ರೂಮಿನಲ್ಲೇ ಬಿಟ್ಟು ಒಬ್ಬಳೇ ಹೋಗಿ ಬರುತ್ತೇನೆ ಎಂದು ಬರೆದಿದ್ದೀಯ. ನೀನು ಖುಷಿಯಿಂದ ಬರೆದದ್ದೇ. ಓದಿದ ನನಗೆ ಎದೆ ಧಸಕ್ಕೆಂದಿತು.

ಒಬ್ಬಳೇ ಹೋಗುವುದು ಅರ್ಧ ಭಯ. ಓದಿದ್ದರಿಂದಲೇ ಆ ಬೆಟ್ಟ ಗೊತ್ತಾಗಿದೆ ಎಂದುಕೊಂಡಿದ್ದೀಯಲ್ಲ, ಅದು ಇನ್ನರ್ಧ, ಅದೇ ದೊಡ್ಡದು. ಒಳ್ಳೆಯ ಬೆಟ್ಟದ ಪುಸ್ತಕಗಳು ಹೀಗೇ ಮಾಡುತ್ತವೆ ಕಣಮ್ಮಾ. ಅರ್ಧ ದಾರಿಯಲ್ಲಿ ಒಂದು ಸರೋವರ, ಅದನ್ನು ಬಿಟ್ಟ ಮೇಲೆ ರೆಡ್ ಬರ್ನ್ ತೊರೆ, ಆಮೇಲೆ ಹಾವಿನಂತೆ ಸುತ್ತಿಕೊಂಡು ಏರುವ ತಿರುವುಗಳು, ಕೊನೆಗೆ ಕಲ್ಲು ಹರಡಿದ ನೆತ್ತಿಯ ಬಯಲು. ಪುಸ್ತಕದಲ್ಲಿ ಒಂದಾದ ಮೇಲೊಂದು ಬರುತ್ತವೆ, ಯಾವುದೂ ತಪ್ಪುವುದಿಲ್ಲ. ಬರೆದವರು ಕಣ್ಣಿಗೆ ಎಲ್ಲವೂ ಕಂಡ ದಿನ ನಡೆದು ಬರೆದಿರುತ್ತಾರೆ. ಆದರೆ ಆ ಶಿಖರ ವರ್ಷದ ಹೆಚ್ಚಿನ ದಿನ ಮೋಡದೊಳಗೇ ಇರುತ್ತದೆ. ಮೋಡದಲ್ಲಿ ಹತ್ತು ಹೆಜ್ಜೆಯಾಚೆ ಏನೂ ಕಾಣದಾಗ ಪುಸ್ತಕದ ಆ ಅನುಕ್ರಮ ಕೈಗೆ ಸಿಗುವುದಿಲ್ಲ.

ನೆತ್ತಿಯಿಂದ ಇಳಿಯುವ ಮೊದಲ ಕಾಲು ಗಂಟೆಯನ್ನೇ ತೆಗೆದುಕೋ. ಶಿಖರದ ಸರ್ವೆ ಕಂಬದಿಂದ ಮೊದಲು 231 ಡಿಗ್ರಿ ದಿಕ್ಕಿಗೆ 150 ಮೀಟರ್ ನಡೆಯಬೇಕು. ಅಲ್ಲಿಂದ 282 ಡಿಗ್ರಿಗೆ ತಿರುಗಿ, ಬಯಲು ದಾಟಿ ತಿರುವುಗಳ ದಾರಿ ಸಿಗುವವರೆಗೆ ಅದೇ ದಿಕ್ಕು ಹಿಡಿಯಬೇಕು. ಮೊದಲಿನ 150 ಮೀಟರ್ ಬಿಟ್ಟು ನೇರ ಪಶ್ಚಿಮಕ್ಕೆ ಹೊರಟರೆ ಉತ್ತರದ ಕಡೆ ಗಾರ್ಡಿಲೂ ಎಂಬ ಕೊರಕಲಿನ ಬಾಯಿ ಇದೆ. ಅದಕ್ಕೆ ಹೆದರಿ ಎಡಕ್ಕೆ ಹೆಚ್ಚು ವಾಲಿದರೆ ಫೈವ್ ಫಿಂಗರ್ ಎಂಬ ಕೊರಕಲು. ನಡುವೆ ಉಳಿಯುವ ದಾರಿ ಅಗಲವಿಲ್ಲ. ಈ ಎರಡು ಅಂಕಿ ಬಾಯಿಪಾಠವಾಗಿದ್ದರೂ ಸಾಲದು. 150 ಮೀಟರ್ ಎಂದರೆ ನಿನ್ನ ಕಾಲಿನಲ್ಲಿ ಎಷ್ಟು ಹೆಜ್ಜೆ ಎಂದು ನಿನಗೆ ಗೊತ್ತಿರಬೇಕು. ಸಾಮಾನ್ಯವಾಗಿ 100 ಮೀಟರಿಗೆ 60ರಿಂದ 70 ಜೋಡಿ ಹೆಜ್ಜೆ. ಎಡಗಾಲು ನೆಲ ಮುಟ್ಟಿದಾಗಲೆಲ್ಲ ಒಂದು ಎಣಿಕೆ. ಕಲ್ಲುಮುರುಕಿನ ಮೇಲೆ, ಎದುರುಗಾಳಿಯಲ್ಲಿ, ಎಣಿಕೆ ಹೆಚ್ಚಾಗುತ್ತದೆ. ಅದನ್ನು ಯಾವುದಾದರೂ ಮೈದಾನದಲ್ಲಿ ಮೊದಲೇ ಅಳೆದು ಇಟ್ಟುಕೋ. ಆ ಡಿಗ್ರಿಗಳು ನಕ್ಷೆಯ ಉತ್ತರಕ್ಕೆ ಹೊಂದಿದವು, ದಿಕ್ಸೂಚಿಯ ಉತ್ತರಕ್ಕಲ್ಲ. ಎರಡರ ನಡುವಿನ ವ್ಯತ್ಯಾಸ ವರ್ಷವರ್ಷಕ್ಕೂ ಬದಲಾಗುತ್ತದೆ, ಹೊಸ ನಕ್ಷೆಯ ಅಂಚಿನಲ್ಲಿ ಅಚ್ಚಾಗಿರುತ್ತದೆ.

ಇದನ್ನೆಲ್ಲ ಓದಿ ದೊಡ್ಡಪ್ಪ ಹೆದರಿಸುತ್ತಿದ್ದಾರೆ ಅಂದುಕೊಳ್ಳಬೇಡ. ನಿನ್ನ ಓದಿನ ಮೇಲೆ ನನಗೆ ಯಾವ ದೂರೂ ಇಲ್ಲ. ಬೆಟ್ಟದ ನಾಡಿನ ಕಾದಂಬರಿ, ಗೈಡ್‌ಬುಕ್ಕು ಎರಡನ್ನೂ ಒಟ್ಟಿಗೆ ಓದುವ ರುಚಿ ನಮ್ಮ ಮನೆಯಲ್ಲಿ ಹತ್ತಿದ್ದು ನಮ್ಮಿಬ್ಬರಿಗೇ. ಈ ವಯಸ್ಸಿನಲ್ಲಿ ನನ್ನನ್ನು ಕೊರೆಯುವುದು ಬೇರೆ. ಇಷ್ಟು ವರ್ಷ ಅವನ್ನೆಲ್ಲ ಒಬ್ಬನೇ ಓದಿದೆ. ನಿನ್ನ ದೊಡ್ಡಮ್ಮ ಪಕ್ಕದಲ್ಲೇ ಕೂತಿರುತ್ತಿದ್ದಳು, ಒಂದು ಪುಟವನ್ನೂ ಅವಳಿಗೆ ಗಟ್ಟಿಯಾಗಿ ಓದಿ ಹೇಳಲಿಲ್ಲ. ಕಾಲು ಗಟ್ಟಿಯಿದ್ದಾಗ ಜೊತೆಗೆ ಬಾ ಎಂದು ಯಾರನ್ನೂ ಕರೆಯಲಿಲ್ಲ. ಈಗ ಕರೆಯೋಣವೆಂದರೆ ಅವಳಿಲ್ಲ, ಮೊಣಕಾಲೂ ಇಲ್ಲ. ಅದಿರಲಿ.

ನಿನಗೆ ಇಷ್ಟವಾದ ‘ಕಿಡ್ನ್ಯಾಪ್ಡ್’ ಕಾದಂಬರಿಯನ್ನೇ ಇನ್ನೊಮ್ಮೆ ನೋಡು. 1886ರಲ್ಲಿ ಅದನ್ನು ಪ್ರಕಟಿಸುವಾಗ ಸ್ಟೀವನ್‌ಸನ್ ಕಥಾನಾಯಕ ಡೇವಿಡ್ ಬಾಲ್ಫರ್ ಅಲೆದ ದಾರಿಯ ನಕ್ಷೆಯನ್ನೂ ಜೊತೆಗಿಟ್ಟಿದ್ದರು. ಆ ನಕ್ಷೆಯನ್ನು ಬ್ರಿಟನ್ನಿನ ಸರ್ಕಾರಿ ಸರ್ವೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಈಗಿನ ನಕ್ಷೆಯ ಪಕ್ಕದಲ್ಲಿಟ್ಟು ಓದು. ಡೇವಿಡ್ ಒಬ್ಬನೇ ಇರುವ ಭಾಗ ಯಾವುದು, ನೆನಪಿದೆಯಾ? ಹಡಗು ಒಡೆದು ಎರೇಡ್ ದ್ವೀಪಕ್ಕೆ ಬಂದು ಬೀಳುತ್ತಾನೆ. ಮಳೆಯಲ್ಲಿ ನೆನೆಯುತ್ತಾ, ಹಸಿ ಚಿಪ್ಪುಮೀನು ತಿಂದು ವಾಂತಿ ಮಾಡಿಕೊಳ್ಳುತ್ತಾ ಸುಮಾರು ನೂರು ಗಂಟೆ ಅಲ್ಲೇ ನರಳುತ್ತಾನೆ. ಸಮುದ್ರ ಇಳಿದಾಗ ಆ ದ್ವೀಪದಿಂದ ನಡೆದೇ ದಾಟಬಹುದು. ಒಳನಾಡಿನ ಹುಡುಗ, ಅವನಿಗೆ ಅದು ಹೊಳೆಯುವುದಿಲ್ಲ. ದೋಣಿಯಲ್ಲಿ ಹೋಗುವ ಬೆಸ್ತರು ಕೂಗಿ ಹೇಳಬೇಕಾಗುತ್ತದೆ. ಬುದ್ಧಿವಂತ, ಓದಿದವನು, ಧೈರ್ಯವಂತ. ಆ ನೆಲದ ಒಂದೇ ಒಂದು ಸಂಗತಿ ತಿಳಿಯದೆ ಸಾಯುವುದರಲ್ಲಿದ್ದ. ಆಮೇಲೆ ಸಿಪಾಯಿಗಳಿಂದ ತಪ್ಪಿಸಿಕೊಂಡು ಓಡುತ್ತಾ ಗ್ಲೆನ್‌ಕೋ ಕಣಿವೆಯಲ್ಲಿ ಕಾದ ಬಂಡೆಯ ಮೇಲೆ, ಕೆಳಗೆ ಸಿಪಾಯಿಗಳಿರುವಾಗ, ನೀರಿಲ್ಲದೆ ಬೆಳಗಿನಿಂದ ಮಲಗಿರುತ್ತಾನಲ್ಲ, ಆಗ ಪಕ್ಕದಲ್ಲಿ ಅಲನ್ ಬ್ರೆಕ್ ಇದ್ದಾನೆ. ಯಾವಾಗ ಜಾರಿಕೊಳ್ಳಬೇಕು, ಯಾವ ಬಂಡೆಯಿಂದ ಯಾವ ಬಂಡೆಗೆ ಎಂದು ಅಲನ್‌ಗೆ ಗೊತ್ತು. ಇಡೀ ಬೆಟ್ಟದ ಓಟದಲ್ಲಿ ಡೇವಿಡ್ ಉಳಿದದ್ದು ಜೊತೆಗಾರನಿಂದ. ಒಂಟಿ ವೀರನ ಕಥೆ ಎಂದು ಅದನ್ನು ನೆನಪಿಟ್ಟುಕೊಂಡಿದ್ದರೆ ಮತ್ತೆ ಓದಬೇಕು.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳ ಗೈಡ್‌ಬುಕ್ಕು ಬರೆದ ವೇನ್‌ರೈಟ್ ಒಬ್ಬರೇ ನಡೆಯುತ್ತಿದ್ದರಲ್ಲ ಎಂದು ನೀನು ಕೇಳುತ್ತೀಯ, ಗೊತ್ತು. ಹೌದು, ನಡೆಯುತ್ತಿದ್ದರು. ಕೆಂಡಲ್ ಪಟ್ಟಣದ ನಗರಸಭೆಯಲ್ಲಿ ಖಜಾಂಚಿ ಕೆಲಸ, ಕಾರಿಲ್ಲ, ವಾರಾಂತ್ಯದಲ್ಲಿ ಬಸ್ಸು ಹಿಡಿದು ಹೋಗುವುದು. 1952ರಲ್ಲಿ ಮೊದಲ ಪುಟ ಬರೆಯಲು ಕೂತರು. 1955ರಿಂದ 1966ರವರೆಗೆ ಏಳು ಸಂಪುಟ ಬಂದವು, 214 ಬೆಟ್ಟ, ಪ್ರತಿ ಅಕ್ಷರವೂ ಪ್ರತಿ ಚಿತ್ರವೂ ಸ್ವಂತ ಕೈಯದು. ನೀನು ಅದನ್ನು ಪ್ರೀತಿಸುವುದು ನನಗೆ ಸಂತೋಷ. ಆದರೆ ಆ ಮನುಷ್ಯ ಒಂದು ಬೆಟ್ಟವನ್ನು ನಾಲ್ಕಾರು ಕಡೆಯಿಂದ ಹತ್ತಿ, ಇಳಿದು, ಸರ್ವೆ ನಕ್ಷೆಯೊಂದಿಗೆ ತಾಳೆ ನೋಡಿ ಆಮೇಲೆ ಬರೆದದ್ದು. ನೀನು ಓದುತ್ತಿರುವುದು ಅವರ ಕೊನೆಯ ಪುಟ. ಅವರಷ್ಟು ನಿಖರವಾಗಿ ಬರೆದವರ ಪುಸ್ತಕವೂ ಹಳತಾಯಿತು. ಗೋಡೆ ಬಿದ್ದವು, ಬೇಲಿ ಬಂದವು, ಕಾಲುದಾರಿಗಳು ಸರಿದವು. 2005ರಿಂದ ಕ್ರಿಸ್ ಜೆಸ್ಟಿ ಅವರು ಅದನ್ನು ಪರಿಷ್ಕರಿಸಬೇಕಾಯಿತು. ನಿನ್ನ ಬೆನ್ ನೆವಿಸ್ ಪುಸ್ತಕ ಯಾವ ವರ್ಷದ್ದು? ಮುದ್ರಣದ ವರ್ಷ ಬೇರೆ, ಪರಿಷ್ಕರಣೆಯ ವರ್ಷ ಬೇರೆ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಎರಡನ್ನೂ ನೋಡು. ಮರುಮುದ್ರಣವಾದರೆ ಒಳಗಿನ ಮಾಹಿತಿ ಮೊದಲ ಮುದ್ರಣದ್ದೇ.

ಗೈಡ್‌ಬುಕ್ಕಿನ ಸಮಯದ ಬಗ್ಗೆಯೂ ಒಂದು ಮಾತು. ಏಳೆಂಟು ಗಂಟೆ ಎಂದು ಕೊಟ್ಟಿರುತ್ತಾರೆ, ನೀನು ಅದನ್ನೇ ನಂಬಿದ್ದೀಯ. ಅದು ಬೇಸಿಗೆಯ, ಒಣ ನೆಲದ, ರೂಢಿಯಿದ್ದ ಕಾಲಿನ ಲೆಕ್ಕ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವರು ಹಾಕಿಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹತ್ತುವ ದಾರಿ ಸುಮಾರು ಎಂಟೂವರೆ ಕಿಲೋಮೀಟರ್, ಏರು 1,300 ಮೀಟರಿಗೂ ಮೇಲೆ. ಲೆಕ್ಕ ಹಾಕು, ಹತ್ತಲು ಹತ್ತಿರಹತ್ತಿರ ನಾಲ್ಕು ಗಂಟೆ. ಇಳಿಯಲು ಕಡಿಮೆ ಸಾಕು ಅನ್ನಿಸುತ್ತದೆ, ಆದರೆ ಕಡಿದಾದ ಕಲ್ಲು ದಾರಿಯಲ್ಲಿ ಇಳಿಯುವ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಸೇರಿಸಬೇಕು, ಎರಡೂವರೆ ಗಂಟೆಯಾಗುತ್ತದೆ. ಇದರಲ್ಲಿ ಎಲ್ಲಿಯೂ ಕೂತಿಲ್ಲ, ನೀರು ಕುಡಿದಿಲ್ಲ, ಶಿಖರದಲ್ಲಿ ನಿಂತು ನೋಡಿಲ್ಲ. ಗಂಟೆಗೆ ಹತ್ತು ನಿಮಿಷ ವಿಶ್ರಾಂತಿ, ತುದಿಯಲ್ಲಿ ಅರ್ಧ ಗಂಟೆ ಸೇರಿಸಿದರೆ ಎಂಟು ಗಂಟೆ ಮುಗಿಯಿತು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ, ಅಲ್ಲಿಂದ ಮುಂದೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟವಳು ಎಲ್ಲವೂ ಸರಿಯಾಗಿ ನಡೆದರೂ ಕತ್ತಲಲ್ಲಿ ಕೊನೆಯ ಕಲ್ಲುಗಳನ್ನು ಇಳಿಯುತ್ತೀಯ. ಆ ಕಲ್ಲುಗಳು ಒದ್ದೆಯಾದರೆ ಜಾರುತ್ತವೆ, ದಣಿದ ಮೊಣಕಾಲು ಆ ಹೊತ್ತಿಗೇ ನಡುಗಲು ಶುರುಮಾಡುತ್ತದೆ.

ಮತ್ತೆ ಅದೇ ಮಾತಿಗೆ ಬಂದೆ, ಕ್ಷಮಿಸು. ಆ ಕತ್ತಲಿನಲ್ಲಿ ನೀನೊಬ್ಬಳೇ ಇರುವುದು ಕಣ್ಣ ಮುಂದೆ ಬರುತ್ತದೆ. ಕಾಲು ಉಳುಕಿದರೆ ಅಷ್ಟೇ ಸಾಕು. ಇಬ್ಬರಿದ್ದಾಗ ಅದು ಬರೀ ಉಳುಕು. ಒಬ್ಬಳೇ ಇದ್ದಾಗ ಕೂತಲ್ಲೇ ಮೈ ತಣ್ಣಗಾಗುತ್ತಾ ಹೋಗುತ್ತದೆ. ಏರುತ್ತಾ ಹೋದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚು, ಅಂದರೆ ಕೆಳಗೆ ಹತ್ತು ಡಿಗ್ರಿ ಇದ್ದ ದಿನ ಆ 1,345 ಮೀಟರಿನ ತುದಿಯಲ್ಲಿ ಒಂದು ಡಿಗ್ರಿ, ಗಾಳಿಯ ಲೆಕ್ಕ ಬೇರೆ.

ಹೋಗಬೇಡ ಅನ್ನುವ ಹಕ್ಕು ನನಗಿಲ್ಲ. ಹೇಳಿದರೆ ನೀನು ಕೇಳುವವಳೂ ಅಲ್ಲ. ಕೆಲವು ಮಾತು ಅಲ್ಲಲ್ಲಿ ನೆನಪಾದ ಹಾಗೆ ಬರೆಯುತ್ತೇನೆ, ಬೇಡವಾದದ್ದನ್ನು ಬಿಡು.

ಪುಸ್ತಕ ಭಾರವಾದರೆ ಬೇಕಾದ ಎರಡು ಪುಟದ ಝೆರಾಕ್ಸ್ ಮಾಡಿಸಿ ನೀರು ಒಳಗಿಳಿಯದ ಕವರಿನಲ್ಲಿಡು. ನಕ್ಷೆ 1:25,000ದ್ದು ತೆಗೆದುಕೋ, ಅದರಲ್ಲಿ 4 ಸೆಂಟಿಮೀಟರ್ ಒಂದು ಕಿಲೋಮೀಟರ್. ಮನೆಯಲ್ಲಿ ಕೂತು ದಾರಿಯ ಮೇಲೆ ಹೊಲಿಗೆ ದಾರವನ್ನು ತಿರುವು ತಿರುವಿಗೂ ಒತ್ತಿ ಹಿಡಿದು, ಆಮೇಲೆ ಚಾಚಿ ಅಳೆದು ನೋಡು, ಪುಸ್ತಕದ ದೂರ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಕಾದಂಬರಿ ಓದುವಾಗಲೂ ಇದನ್ನು ಮಾಡು, ಬಹಳ ಮಜಾ ಇದೆ. ರಾನಕ್ ಮೂರ್ ಬಯಲನ್ನು ಡೇವಿಡ್ ಮತ್ತು ಅಲನ್ ಅಂಬೆಗಾಲಿನಲ್ಲಿ ದಾಟುವ ಅಧ್ಯಾಯವನ್ನು ನಕ್ಷೆಯಿಟ್ಟು ಓದಿದರೆ, ಏರುತಗ್ಗು ತೋರಿಸುವ ಕಾಂಟೂರ್ ಗೆರೆಗಳೇ ಇಲ್ಲದಷ್ಟು ಖಾಲಿಯಾದ ಆ ಜಾಗ ನೋಡಿ, ಅವರಿಗೆ ಬಚ್ಚಿಟ್ಟುಕೊಳ್ಳಲು ಏಕೆ ಏನೂ ಸಿಗಲಿಲ್ಲ ಎಂದು ಥಟ್ಟನೆ ಅರ್ಥವಾಗುತ್ತದೆ.

ದಿಕ್ಸೂಚಿಯನ್ನು ಫೋನಿನ ಜೊತೆ ಒಂದೇ ಜೇಬಿನಲ್ಲಿಡಬೇಡ. ಫೋನಿನ ಅಯಸ್ಕಾಂತದಿಂದ ಸೂಜಿಯ ಉತ್ತರ ದಕ್ಷಿಣ ಅದಲುಬದಲಾಗುವುದುಂಟು. ಹೆಡ್‌ಟಾರ್ಚ್, ಅದಕ್ಕೆ ಬೇರೆ ಬ್ಯಾಟರಿ. ಫೋನ್ ಚಳಿಗೆ ಬೇಗ ಸಾಯುತ್ತದೆ, ಒಳಜೇಬಿನಲ್ಲಿರಲಿ. ಪರ್ವತಗಳಿಗೆಂದೇ ಇರುವ ಹವಾ ವರದಿಯಲ್ಲಿ ತುದಿಯ ಗಾಳಿಯ ವೇಗ ಮತ್ತು ಹೆಪ್ಪುಗಟ್ಟುವ ಎತ್ತರ ಎರಡನ್ನೂ ನೋಡು. ಗಾಳಿ ಗಂಟೆಗೆ 65 ಕಿಲೋಮೀಟರ್ ದಾಟುತ್ತದೆ ಎಂದಿದ್ದರೆ ಆ ದಿನ ರೂಮಿನಲ್ಲೇ ಕಾದಂಬರಿ ಓದು. ಸಂಕಟ ಬಂದರೆ ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಫೋನ್ ಸಿಕ್ಕರೆ 999, ಮೊದಲು ಪೊಲೀಸ್ ಕೇಳು, ಅವರ ಹತ್ತಿರ ಮೌಂಟನ್ ರೆಸ್ಕ್ಯೂ ಬೇಕೆಂದು ಹೇಳು.

ಒಂದೇ ಬೇಡಿಕೆ. ನಿನ್ನ ಯೂನಿವರ್ಸಿಟಿಯಲ್ಲಿ ಬೆಟ್ಟ ಹತ್ತುವವರ ಕ್ಲಬ್ಬು ಇದ್ದರೆ ವಿಚಾರಿಸು, ಇಲ್ಲದಿದ್ದರೆ ಪುಸ್ತಕ ಓದುವ ಒಬ್ಬ ಗೆಳತಿಯನ್ನಾದರೂ ಹೊರಡಿಸು. ಹೊರಡುವ ಹಿಂದಿನ ದಿನ ನನಗೆ ಬರೆ: ಜೊತೆಗೆ ಯಾರು, ಎಷ್ಟು ಹೊತ್ತಿಗೆ ಹೊರಡುತ್ತೀರಿ, ಎಷ್ಟು ಹೊತ್ತಿಗೆ ಇನ್ನೂ ತುದಿ ಸಿಗದಿದ್ದರೆ ಹಿಂತಿರುಗುತ್ತೀರಿ, ಎಷ್ಟು ಹೊತ್ತಾದರೂ ಸುದ್ದಿಯಿಲ್ಲದಿದ್ದರೆ ಯಾರಿಗೆ ಹೇಳಬೇಕು. ಇದೇ ನಾಲ್ಕು ಸಾಲನ್ನು ಅಲ್ಲಿ ನೀನು ಉಳಿದುಕೊಳ್ಳುವ ಜಾಗದವರ ಕೈಗೂ ಕೊಡು. ನಾನು ಇಷ್ಟು ದೂರದಿಂದ ಏನೂ ಮಾಡಲಾರೆ, ಅವರು ಮಾಡಬಲ್ಲರು.

ಇತಿ,
ನಿನ್ನ ದೊಡ್ಡಪ್ಪ