ಡ್ರಮ್ ಖಾಲಿ ಮಾಡಿ ಅನ್ನೋದನ್ನ ಬಿಟ್ಟು ತೂತು ಮುಚ್ಚಿ ಅನ್ನಿ

ಸಂಪಾದಕರೇ ನಮಸ್ಕಾರ,

ಮಳೆ ಶುರುವಾದ್ರೆ ಸಾಕು, ಪೇಪರಲ್ಲಿ, ಕಸದ ಆಟೋ ಮೈಕಲ್ಲಿ, ಬೀದಿಯವರ ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಕಡೆ ಒಂದೇ ಮಾತು, ಸೊಳ್ಳೆ ಹುಟ್ಟುತ್ತೆ, ನೀರು ಶೇಖರಿಸಿ ಇಡಬೇಡಿ, ಡ್ರಮ್ಮು ತೊಟ್ಟಿ ಇದ್ರೆ ವಾರಕ್ಕೊಂದ್ಸಲ ಖಾಲಿ ಮಾಡಿ. ಸರಿ ಸ್ವಾಮಿ, ಆದ್ರೆ 2024ರ ಮಾರ್ಚಲ್ಲಿ ಇದೇ ಬೆಂಗಳೂರಲ್ಲಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂದಿದ್ರಲ್ಲ, ಅದು ಮರ್ತೇ ಹೋಯ್ತಾ? ಆ ಬೇಸಿಗೆಯಲ್ಲೇ ನಾನು 200 ಲೀಟರಿನ ಎರಡು ನೀಲಿ ಡ್ರಮ್ ತಂದು ಟೆರೇಸಿಂದ ಇಳಿಯೋ ಪೈಪ್ ಕೆಳಗೆ ಕೂರಿಸಿದ್ದು. ಅದೇ ವರ್ಷ ಡೆಂಗಿಯನ್ನ ಸಾಂಕ್ರಾಮಿಕ ರೋಗದ ಪಟ್ಟಿಗೆ ಸೇರಿಸಿ, ಮನೇಲಿ ಸೊಳ್ಳೆ ಹುಟ್ಟೋ ಜಾಗ ಸಿಕ್ಕಿದ್ರೆ ಸಿಟೀಲಿ 400, ಹಳ್ಳೀಲಿ 200 ದಂಡ ಅಂತ ಮಾಡಿದ್ರು. ಮಳೆನೀರು ಹಿಡೀದೆ ನಲ್ಲಿ ನೀರು ಹಾಕಿದ್ರೂ ದಂಡ, ಹಿಡಿದಿಟ್ರೂ ದಂಡ. ನಗ್ಬೇಕೋ ಅಳ್ಬೇಕೋ.

ಹಾಗಂತ ನನ್ನ ತಪ್ಪೇ ಇರ್ಲಿಲ್ಲ ಅಂತ ಹೇಳ್ತಿಲ್ಲ. ಲಾರ್ವಾ, ಅಂದ್ರೆ ಸೊಳ್ಳೆ ಮರಿಹುಳ, ಇದ್ಯಾ ಅಂತ ಸರ್ವೆಗೆ ಬಂದ ಆಶಾ ಕಾರ್ಯಕರ್ತೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ನೋಡಿ ಸಾರ್ ಇಲ್ಲಿ ಅಂದ್ರು, ನೂರಾರು ಹುಳ ತಲೆಕೆಳಗಾಗಿ ನೇತಾಡ್ತಿದ್ವು, ಬೆಳಕು ಬಿದ್ದಿದ್ದೇ ಕುಣೀತಾ ಕುಣೀತಾ ಕೆಳಗಿಳಿದುಬಿಟ್ವು. ಮುಚ್ಚಳ ಇತ್ತಲ್ರೀ ಅಂದೆ. ಅವ್ರು ಮಾತಾಡ್ದೆ ಪೈಪ್ ಒಳಗೆ ಹೋಗೋ ತೂತಿಗೆ ಎರಡು ಬೆರಳು ಹಾಕಿ ತೋರ್ಸಿದ್ರು, ಪೈಪಿಗಿಂತ ತೂತು ಅಷ್ಟು ದೊಡ್ಡದಿತ್ತು. ದಂಡ ಹಾಕ್ಲಿಲ್ಲ ಪುಣ್ಯಕ್ಕೆ.

ಅವತ್ತು ಎರಡೂ ಡ್ರಮ್ ಚರಂಡಿಗೆ ಬಗ್ಗಿಸಿದೆ, 400 ಲೀಟರ್ ನೀರು, ಹೊಟ್ಟೆ ಉರೀತು. ಮತ್ತೆ ಮಳೆ ಬಂತು, ತುಂಬ್ತು, ಒಂದು ವಾರ ಕಳೆದು ನೋಡಿದ್ರೆ ಮತ್ತೆ ಹುಳ! ಆಗ್ಲೇ ನಂಗೆ ಗೊತ್ತಾಗಿದ್ದು ಈ ಖಾಲಿ ಮಾಡಿ ಖಾಲಿ ಮಾಡಿ ಅನ್ನೋ ಮಾತಲ್ಲಿ ಅರ್ಧ ಮಾತ್ರ ಇದೆ ಅಂತ. ಡೆಂಗಿ ಹರಡೋ ಈಡಿಸ್ ಸೊಳ್ಳೆ, ಅದೇ ಕಾಲಿಗೆ ಬಿಳಿ ಪಟ್ಟೆ ಇದ್ದು ಹಗಲೊತ್ತು ಕಚ್ಚುತ್ತಲ್ಲ ಅದು, ನೀರಿನ ಮೇಲೆ ಮೊಟ್ಟೆ ಇಡಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಒದ್ದೆ ಇರೋ ಗೋಡೆಗೆ ಅಂಟಿಸುತ್ತೆ. ಕಪ್ಪಗೆ, ಸಣ್ಣ ಮಸಿ ಚುಕ್ಕೆ ಥರ, ಕಣ್ಣಿಗೆ ಬೀಳೋದೇ ಕಷ್ಟ. ನೀರು ಚೆಲ್ಲಿದ್ರೂ ಆ ಮೊಟ್ಟೆ ಹಾಗೇ ಒಣಗಿಕೊಂಡು ತಿಂಗಳುಗಟ್ಲೆ ಬದುಕಿರುತ್ತೆ, ಮತ್ತೆ ನೀರು ಏರಿ ಮುಟ್ಟಿದ ತಕ್ಷಣ ಮರಿ ಹೊರಗೆ. ಬೆಚ್ಚಗಿದ್ರೆ ಏಳರಿಂದ ಹತ್ತು ದಿನಕ್ಕೆ ರೆಕ್ಕೆ ಬಂದು ಹಾರಿ ಹೋಗುತ್ತೆ. ಅಂದ್ರೆ ಉಜ್ಜದೇ ಬರೀ ಚೆಲ್ಲೋದು ಅಂದ್ರೆ ನೀರೂ ಹೋಯ್ತು ಮೊಟ್ಟೆನೂ ಉಳೀತು. ತೆಂಗಿನ ನಾರೋ ಗಟ್ಟಿ ಬ್ರಷ್ಷೋ ತಗೊಂಡು ಒಳಗಿನ ಗೋಡೆನ ಸುತ್ತಲೂ, ಅದ್ರಲ್ಲೂ ನೀರಿನ ಗುರುತು ಇರೋ ಕಡೆ, ಚೆನ್ನಾಗಿ ತಿಕ್ಕಬೇಕು. ಇದನ್ನ ಯಾವ ಮೈಕೂ ಹೇಳಿದ್ದು ನಾನು ಕೇಳಿಲ್ಲ.

ಚೆಲ್ಲೋದಾದ್ರೂ ಚರಂಡಿಗೆ ಯಾಕೆ ಚೆಲ್ತೀರಾ? ಹುಳ ಬಿದ್ದ ನೀರನ್ನ ಹಾಗೇ ಗಿಡದ ಬುಡದ ಮಣ್ಣಿಗೆ ಹಾಕಿ, ನೀರು ಇಂಗಿ ಹೋಗುತ್ತೆ, ಹುಳ ಮಣ್ಣಲ್ಲಿ ಒಣಗಿ ಸಾಯುತ್ತೆ, ಗಿಡಕ್ಕೇನೂ ಆಗಲ್ಲ. ಕುಂಡದ ಕೆಳಗಿನ ತಟ್ಟೆಗೆ ಇಳಿದು ನಿಲ್ಲದಿದ್ರೆ ಆಯ್ತು.

ಅದಾದ್ಮೇಲೆ ನಾನು ಮಾಡಿದ್ದು ತೂತು ಹುಡುಕೋ ಕೆಲಸ, ಇದು ನೋಡಕ್ಕೆ ಸುಲಭ, ಕೂತು ಮಾಡಿದ್ರೆ ಅರ್ಧ ದಿನ ಬೇಕು. ಪೈಪ್ ಸುತ್ತ ಇದ್ದ ಸಂದಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಬಿಗಿ ಮಾಡ್ದೆ. ಪೈಪ್ ಬಾಯಿಗೆ ಕಿಟಕಿಗೆ ಹಾಕೋ ಸ್ಟೀಲ್ ಸೊಳ್ಳೆ ಜಾಲರಿ. ಎಲ್ರೂ ಮರೆಯೋದು ಓವರ್‌ಫ್ಲೋ ತೂತು, ತುಂಬಿದ ನೀರು ಆಚೆ ಹೋಗ್ಲಿ ಅಂತ ಮೇಲೆ ಒಂದು ಬಿಟ್ಟಿರ್ತೀವಲ್ಲ, ಸೊಳ್ಳೆಗೆ ಅದೇ ಮಹಾದ್ವಾರ, ಅದಕ್ಕೂ ಜಾಲರಿ ಕಟ್ಟಬೇಕು. ಕೆಲವ್ರು ಮುಚ್ಚಳವೇ ಇಲ್ದೆ ಡ್ರಮ್ ಬಾಯಿಗೆ ಹಳೇ ಸೊಳ್ಳೆಪರದೆ ಕಟ್ತಾರೆ, ತಪ್ಪಿಲ್ಲ, ಆದ್ರೆ ಡೋಲಿನ ಚರ್ಮದ ಥರ ಬಿಗಿಯಾಗಿರ್ಬೇಕು. ಜೋಲು ಬಿದ್ದು ನೀರಿಗೆ ತಾಗಿದ್ರೆ ಸೊಳ್ಳೆ ಆ ಪರದೆ ಮೇಲೇ ಕೂತು ಮೊಟ್ಟೆ ಇಡುತ್ತೆ, ಆಗತಾನೆ ಹೊರಬಂದ ಮರಿ ಎಷ್ಟು ಸಣ್ಣ ಅಂದ್ರೆ ಪರದೆ ಕಣ್ಣಲ್ಲಿ ಆರಾಮಾಗಿ ಕೆಳಗೆ ನುಸುಳುತ್ತೆ. ನಮ್ಮ ಎದುರು ಮನೆಯಲ್ಲಿ ಆಗಿದ್ದು ಇದೇ.

ಎಲೆ ಕಸ ಇನ್ನೊಂದು. ನಮ್ಮನೆ ಪಕ್ಕ ಹೊಂಗೆ ಮರ, ಮೊದಲ ಮಳೆಗೆ ಟೆರೇಸಿನ ಧೂಳು ಎಲೆ ಎಲ್ಲಾ ಡ್ರಮ್ಮಿಗೆ ಬರುತ್ತೆ, ಅದು ಕೊಳೆತ್ರೆ ಹುಳಕ್ಕೆ ಹಬ್ಬದೂಟ. ಮೊದಲ ಸ್ವಲ್ಪ ಹೊತ್ತಿನ ನೀರನ್ನ ಆಚೆ ಬಿಟ್ಟು ಆಮೇಲೆ ಡ್ರಮ್ಮಿಗೆ ತಿರುಗಿಸಿ. ನೀರು ಕಮ್ಮಿ ಆಗುತ್ತೆ ಅಂತ ಚಿಂತೆ ಬೇಡ, 800 ಚದರಡಿ ಟೆರೇಸ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 740 ಲೀಟರ್ ಆಗುತ್ತೆ, ನನ್ನ ಎರಡು ಡ್ರಮ್ಮು ಅದ್ರ ಮುಂದೆ ಏನೂ ಅಲ್ಲ.

ಔಷಧಿ ವಿಷ್ಯಕ್ಕೆ ಬಂದ್ರೆ, ಸೀಮೆಎಣ್ಣೆ, ಗಾಡಿ ಆಯಿಲ್ ಹಾಕಿ ಅಂತ ಹೇಳೋರು ಈಗಲೂ ಇದಾರೆ. ಎಣ್ಣೆ ಪದರದಿಂದ ಹುಳಕ್ಕೆ ಉಸಿರು ಕಟ್ಟೋದು ನಿಜ, ಆದ್ರೆ ಅದೇ ನೀರನ್ನ ತಾನೇ ಸೊಪ್ಪಿಗೆ ಹಾಕೋದು? ಬೇಡ. ಬಿಟಿಐ ಅಂತ ಒಂದು ಬ್ಯಾಕ್ಟೀರಿಯಾ ಪುಡಿ ಸಿಗುತ್ತೆ, ಹುಳ ಅದನ್ನ ತಿಂದ್ರೆ ಅದರ ಕರುಳು ಹಾಳಾಗಿ ಸಾಯುತ್ತೆ, ಪ್ಯಾಕೆಟ್ ಮೇಲೆ ಬರೆದ ಅಳತೇಲಿ ಹಾಕಿದ್ರೆ ಗಿಡಕ್ಕೆ ತೊಂದ್ರೆ ಇಲ್ಲ. ಆದ್ರೆ ಹುಳ ಬೆಳೆದು ಅಲ್ಪವಿರಾಮದ ಥರ ಬಾಗಿ ಕೂತಿದ್ರೆ ಅದು ಕೋಶ, ಅದು ಏನೂ ತಿನ್ನಲ್ಲ, ಪುಡಿ ಹಾಕಿ ಪ್ರಯೋಜನ ಇಲ್ಲ, ಬಟ್ಟೇಲಿ ಸೋಸಿ ಎಸೀಬೇಕು ಇಲ್ಲಾ ಮಣ್ಣಿಗೆ ಸುರೀಬೇಕು. ದೊಡ್ಡ ತೆರೆದ ತೊಟ್ಟಿ ಇದ್ರೆ ಹುಳ ತಿನ್ನೋ ಗಪ್ಪಿ ಮೀನು ಬಿಡಬಹುದು, ಮುಚ್ಚಿದ ಡ್ರಮ್ಮಿಗೆ ಬಿಟ್ಟು ಅದನ್ನ ಹಿಂಸೆ ಮಾಡೋದು ಬೇಡ. ಹೆಚ್ಚಾದ ಗಪ್ಪಿನ, ಅದರ ಥರಾನೇ ಸೊಳ್ಳೆ ಹುಳ ತಿನ್ನಕ್ಕೆ ಬಿಡೋ ಗ್ಯಾಂಬೂಸಿಯಾನ ದಯವಿಟ್ಟು ಕೆರೆಗೆ ಬಿಡಬೇಡಿ, ಎರಡೂ ಹೊರದೇಶದ ಮೀನು, ಅದ್ರಲ್ಲೂ ಗ್ಯಾಂಬೂಸಿಯಾ ಕಪ್ಪೆಮರಿ, ನಮ್ಮೂರ ಮೀನಿನ ಮೊಟ್ಟೆ ಯಾವ್ದನ್ನೂ ಬಿಡಲ್ಲ.

ಒಂದು ತಮಾಷೆ ಗೊತ್ತಾ? ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ತೋರಿಸಿ 1902ರಲ್ಲಿ ನೊಬೆಲ್ ತಗೊಂಡ ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಲ್ಲೇ ಮಿಲಿಟರಿ ಡಾಕ್ಟರ್ ಆಗಿದ್ರು, ಬಂಗಲೆ ಕಿಟಕಿ ಆಚೆ ಇದ್ದ ನೀರಿನ ತೊಟ್ಟೀಲಿ ಸೊಳ್ಳೆ ಮರಿ ಇರೋದು ನೋಡಿ, ನೀರು ಸಿಗದ ಹಾಗೆ ಮಾಡಿದ್ರೆ ಸೊಳ್ಳೆ ಕಮ್ಮಿ ಮಾಡಬಹುದು ಅನ್ನೋದು ಅವ್ರಿಗೆ ಹೊಳೆದಿದ್ದೂ ಆಗಲೇ. 140 ವರ್ಷ ಆದ್ಮೇಲೂ ನಾವು ಅದೇ ಊರಲ್ಲಿ ಅದೇ ತೊಟ್ಟಿ ಮುಂದೆ ನಿಂತಿದೀವಿ, ವ್ಯತ್ಯಾಸ ಏನಂದ್ರೆ ಈಗ ನೀರು ಬಗ್ಗಿಸಿ ಚೆಲ್ಲೋವಷ್ಟು ಶ್ರೀಮಂತಿಕೆ ನಮಗಿಲ್ಲ.

ಹಾಗಾಗಿ ಕರಪತ್ರ ಹಂಚೋರು ಮುಂದಿನ ಸಲ ಬರೀ ಸೊಳ್ಳೆ ಚಿತ್ರ ಹಾಕೋ ಬದ್ಲು ಒಂದು ಡ್ರಮ್ಮಿನ ಚಿತ್ರ ಹಾಕಿ, ಎಲ್ಲೆಲ್ಲಿ ಜಾಲರಿ ಬೇಕು, ಎಲ್ಲಿ ಉಜ್ಜಬೇಕು ಅಂತ ಬಾಣ ಹಾಕಿ ತೋರ್ಸಲಿ. ದಂಡದ ರಶೀದಿ ಪುಸ್ತಕದ ಜೊತೆ ಒಂದು ಮೊಳ ಜಾಲರಿನೂ ಕೊಟ್ರೆ ಇನ್ನೂ ಒಳ್ಳೇದು. ನಮ್ಮ ಬೀದೀಲಿ ಐದು ಮನೆಯವ್ರು ಸೇರಿ ಒಂದು ರೋಲ್ ತಂದು ಹಂಚ್ಕೊಂಡ್ವಿ, ಇನ್ನೂ ಒಂದೆರಡು ಮೀಟರ್ ಉಳಿದಿದೆ, ಎದುರು ಮನೆಯವ್ರು ಭಾನುವಾರ ಬಂದು ತಗೊಂಡು ಹೋಗ್ತೀನಿ ಅಂದಿದಾರೆ.

ಇಂತಿ,
ಟೆರೇಸ್ ತೋಟದ ಒಬ್ಬ ಓದುಗ
ಬೆಂಗಳೂರು